ಎಂಟು ದೊಡ್ಡದೋ, ಎಪ್ಪತ್ತೈದು ದೊಡ್ಡದೋ?

ನಂಜನಗೂಡಿನ ಹತ್ತಿರದ ಹಳ್ಳಿಯಲ್ಲಿ ಸಿದ್ದಲಿಂಗಮ್ಮ ಮನೆಯಲ್ಲೇ ರವಿಕೆ ಹೊಲಿಯುತ್ತಾರೆ. ಆರನೇ ಕ್ಲಾಸಿನ ಮಗಳು ಗಾನವಿಯನ್ನು ಪೇಟೆಗೆ ಕಳಿಸಿ ಲೈನಿಂಗ್ ಬಟ್ಟೆ ತರಿಸಿದರು. ಅಂಗಡಿಯಲ್ಲಿ ಉಳಿದಿದ್ದು ಎರಡೇ ಕಟ್‌ಪೀಸು. ಒಂದರ ಚೀಟಿಯಲ್ಲಿ 0.8 ಮೀಟರ್, ಇನ್ನೊಂದರಲ್ಲಿ 0.75 ಮೀಟರ್. ಗಾನವಿ 0.75ರದ್ದನ್ನು ತಂದಳು. ಹಾಸಿ ನೋಡಿದರೆ ತೋಳಿಗೆ ಬಟ್ಟೆ ಸಾಲದು.

"ದೊಡ್ಡ ಪೀಸು ತತ್ತಾ ಅಂದಿರ್ನಿಲ್ವ?"

"ದೊಡ್ದೇ ತಂದಿವ್ನಿ ಕನವ್ವ. ಎಂಟ್ಕಿಂತ ಎಪ್ಪತ್ತೈದು ದೊಡ್ದಲ್ವಾ?"

"ಲೆಕ್ಕದಲ್ಲಿ ಎಲ್ಡು ಸಲ ಫೇಲು, ಈಗ ಇದು. ಈ ವರ್ಸ ಮುಗೀಲಿ, ಸ್ಕೂಲ್ ಬುಟ್ಟು ಮಿಷನ್ ಮುಂದೆ ಕೂತ್ಕೊ!"

ಗಾನವಿ ಅಳತೊಡಗಿದಳು. ಅಷ್ಟರಲ್ಲಿ ಆ ರವಿಕೆ ಹೊಲಿಯಲು ಕೊಟ್ಟಿದ್ದ ಟೀಚರ್ ಸರ್ವಮಂಗಳಾ ಅದನ್ನು ಕೇಳಿಕೊಂಡು ಬಂದರು. ವಿಷಯ ತಿಳಿದು ನಕ್ಕರು.

"ತೋಳು ಗಿಡ್ಡ ಆದ್ರೆ ಆಗ್ಲಿ ಬಿಡಿ, ಸೆಕೆಗೆ ಒಳ್ಳೇದು. ಆದ್ರೆ ಮಿಷನ್ ಕೆಲಸಕ್ಕೂ ಅಳತೆ ಬೇಕಲ್ಲ ಸಿದ್ದಲಿಂಗಮ್ಮ? ಮನೇಲಿ ದಿನಾ ಸ್ವಲ್ಪ ಹೇಳಿಕೊಡಿ."

"ನಂಗೇ ಓದ್ ಬರಲ್ಲ. ಏನ್ ಏಳ್ಕೊಡ್ಲಿ ಟೀಚರಮ್ಮ?"

ಸರ್ವಮಂಗಳಾ ಅಳತೆ ಟೇಪು ಬಿಡಿಸಿದರು. "ಗಾನವಿ, ಒಂದು ಮೀಟರನ್ನ ಹತ್ತು ಪಾಲು ಮಾಡು. ಎಂಟನೇ ಪಾಲು ಎಲ್ಲಿ ಮುಗಿಯುತ್ತೆ?"

"ಎಂಬತ್ತು ಸೆಂಟಿಮೀಟರ್‌ಗೆ."

"ಅದೇ 0.8. ಈಗ ಮೀಟರಿನ ನೂರು ಪಾಲಲ್ಲಿ ಎಪ್ಪತ್ತೈದು. ಬೆರಳಿಡು."

ಬೆರಳು ಎಂಬತ್ತಕ್ಕಿಂತ ಐದು ಸೆಂಟಿಮೀಟರ್ ಹಿಂದೆಯೇ ನಿಂತಿತು. ಗಾನವಿಯ ಕಣ್ಣರಳಿತು. "ಓ! 0.8 ಅಂದ್ರೆ 0.80!"

"ಸರಿ. ಈಗ ಒಂದು ಅಕ್ಕಿರೊಟ್ಟಿ. ಮೂರು ಜನಕ್ಕೆ ಸಮವಾಗಿ ಹಂಚಿದ್ರೆ ಚೂರು ದೊಡ್ಡದೋ, ನಾಲ್ಕು ಜನಕ್ಕೆ ಹಂಚಿದ್ರೋ?"

ಮಗಳಿಗಿಂತ ಮೊದಲೇ ತಾಯಿ ಹೇಳಿಬಿಟ್ಟರು. "ಮೂರ್ ಜನಕ್ಕೇ ತಾನೆ! ಉಣ್ಣೋರು ಎಚ್ಚಾದ್ರೆ ಪಾಲು ಕಮ್ಮಿ. ಇದೂ ಒಂದ್ ಲೆಕ್ಕವಾ?"

"ಪುಸ್ತಕದಲ್ಲಿರೋದೂ ಇದೇ. ಮೂರನೇ ಒಂದು, ನಾಲ್ಕನೇ ಒಂದಕ್ಕಿಂತ ದೊಡ್ಡದು. ಓದು ಬರಲ್ಲ ಅಂದ್ರಲ್ಲ?"

ಸಿದ್ದಲಿಂಗಮ್ಮನ ಸಿಟ್ಟು ನಗುವಾಯಿತು.

"ಏಳು ರವಿಕೆಗೆ ಆರಾರು ಹುಕ್ಸು. ಒಟ್ಟು ಎಷ್ಟು?" ಎಂದರು ಸರ್ವಮಂಗಳಾ.

ಗಾನವಿ "ಏಳೊಂದ್ಲೆ ಏಳು" ಎಂದು ಮೊದಲಿನಿಂದ ಶುರು ಮಾಡಿದಳು.

"ತಡಿ. ಹುಕ್ಸನ್ನ ಆರಾರರ ಸಾಲು ಮಾಡಿ ಜೋಡಿಸು. ಐದು ಸಾಲಿಗೆ ಮೂವತ್ತು. ಉಳಿದ ಎರಡು ಸಾಲಿಗೆ ಹನ್ನೆರಡು."

"ನಲವತ್ತೆರಡು! ಇಷ್ಟೇನಾ?"

ಅಂದಿನಿಂದ ದಿನಕ್ಕೆ ಹತ್ತು ನಿಮಿಷ ತಾಯಿ ಕೇಳುವುದು, ಮಗಳು ಜೋಡಿಸಿ ಹೇಳುವುದು. ತಪ್ಪಿದರೆ ಬೈಗುಳವಿಲ್ಲ, ಇನ್ನೊಮ್ಮೆ ಅಳೆಯುವುದು. ಕೆಲವು ದಿನ ತಪ್ಪುಗಳೇ ಹೆಚ್ಚಿದ್ದವು. ಆದರೂ ಬಿಡಲಿಲ್ಲ. ಏಪ್ರಿಲ್‌ನಲ್ಲಿ ಗಾನವಿ ಓಡುತ್ತಾ ಬಂದಳು. "ಅವ್ವ, ಲೆಕ್ಕದಲ್ಲಿ ಪಾಸು! ಐವತ್ತೆಂಟು!"

ಸಿದ್ದಲಿಂಗಮ್ಮ ಅಳತೆ ಟೇಪು ಕೈಗೆತ್ತಿಕೊಂಡರು. "ಬಾ ಕೂಸು, ನಿಂತ್ಕೊ. ಏಳ್ನೇ ಕ್ಲಾಸಿನ ಯೂನಿಫಾರಂಗೆ ಅಳತೆ ತಕ್ಕೊತೀನಿ."

ತಾಯಂದಿರೆ, ತಂದೆಯರೆ, ಮಗು ಲೆಕ್ಕದಲ್ಲಿ ತಪ್ಪಿದರೆ ಶಾಲೆ ಬಿಡಿಸಬೇಡಿ. ನಿಮಗೆ ಓದು ಬಾರದಿದ್ದರೂ ಅಳೆಯಲು, ಹಂಚಲು, ಸಾಲು ಜೋಡಿಸಲು ಬರುತ್ತದೆ. ಇವತ್ತು ರೊಟ್ಟಿ ಮುರಿಯುವಾಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಪ್ರಶ್ನೆ ಕೇಳಿ. ಉತ್ತರಕ್ಕೆ ಅವಸರ ಮಾಡಬೇಡಿ.