ಜೌಗಿನಲ್ಲಿ ನಿಂತವನು

ನಾನು ಒಂದು ಜಿಐ ಪೈಪು. ನನ್ನ ಜೊತೆ ಹುಟ್ಟಿದವರೆಲ್ಲ ಯಾರದೋ ಮನೆಯ ನಲ್ಲಿಗೆ ನೀರು ಹೊತ್ತರು. ನನ್ನನ್ನು ಗುಂಡ್ಲುಪೇಟೆಯ ಅಂಗಡಿಯಿಂದ ಕೊಂಡವರು ಭೂಗೋಳದ ಸುಂದರೇಶ ಮೇಷ್ಟ್ರು. ನೀಲಗಿರಿಯ ಮೇಲಿನ ಒಂದು ಜೌಗಿನಲ್ಲಿ, ತಳದ ಬಂಡೆ ತಾಗುವವರೆಗೂ ನನ್ನನ್ನು ಇಳಿಸಿದರು.

ಅಲ್ಲಿನ ಮಣ್ಣು ಕಪ್ಪು. ಸತ್ತ ಹುಲ್ಲು ನೀರಿನಲ್ಲಿ ಪೂರ್ತಿ ಕೊಳೆಯದೆ, ಸಾವಿರಾರು ವರ್ಷ ಪದರ ಪದರವಾಗಿ ಕೂತು ಆದದ್ದು. ಮೇಷ್ಟ್ರು ಅದನ್ನು ಪೀಟ್ ಎನ್ನುತ್ತಿದ್ದರು. ಅಲ್ಲಿ ಎಮ್ಮೆ ಮೇಯಿಸುತ್ತಿದ್ದ ಬಡಗರ ಬೋಜನಿಗೆ ನನ್ನನ್ನು ಒಪ್ಪಿಸಿ, "ಇದರ ತಲೆ ನೆಲಕ್ಕೆ ಸಮ ಇದೆ, ನೋಡ್ಕೊಳ್ಳಿ" ಎಂದರು. ಯಾಕೆಂದು ಹೇಳಲಿಲ್ಲ. ಊರಿಗೆ ಹೋದವರು ಕಾಯಿಲೆ ಬಿದ್ದು ತೀರಿಕೊಂಡರಂತೆ.

ಆ ದಿನಗಳನ್ನು ನೆನೆದರೆ ಈಗಲೂ ಮೈ ತಣ್ಣಗಾಗುತ್ತದೆ. ಕೊರಳವರೆಗೂ ನೀರು. ಎಮ್ಮೆ ನಡೆದರೆ ನೆಲ ಹಾಸಿಗೆಯ ಹಾಗೆ ತಗ್ಗಿ ಏಳುತ್ತಿತ್ತು. ಕೆಳಗಿನ ಹಟ್ಟಿಯ ಒರತೆ ಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲ.

ಆಮೇಲೆ ಕ್ಯಾರೆಟ್ ಬೆಳೆಯುವವರು ನಡುವೆ ಕಾಲುವೆ ತೋಡಿ ನೀರನ್ನೆಲ್ಲ ಇಳಿಸಿಬಿಟ್ಟರು. ಒಣಗಿದ ಮಣ್ಣು ಕುಸಿಯತೊಡಗಿತು. ನಾನು ಬಂಡೆಯ ಮೇಲೆ ನಿಂತವನು, ಎಲ್ಲಿಗೆ ಇಳಿಯಲಿ? ನನ್ನ ತಲೆ ನಾಲ್ಕು ಬೆರಳಿನಷ್ಟು ಹೊರಗೆ ಬಂತು. ಬೋಜ ಗಾಬರಿಯಾದ. ಮಾತಿಗೆ ತಪ್ಪುವ ಮನುಷ್ಯನಲ್ಲ. ಗರಗಸ ತಂದು ಹೆಚ್ಚಾದದ್ದನ್ನು ಕುಯ್ದು, ತಲೆ ಸಮ ಮಾಡಿದ. ಮರುವರ್ಷವೂ ಅದೇ ಕಥೆ. ಹನ್ನೊಂದು ವರ್ಷ ನನಗೆ ಹೀಗೆ ಕ್ಷೌರವಾಯಿತು. ಸಿಟ್ಟು ಬರಬೇಕಿತ್ತು. ಅಷ್ಟು ಶ್ರದ್ಧೆಯಿಂದ ಕುಯ್ಯುವವನ ಮೇಲೆ ಹೇಗೆ ಸಿಟ್ಟಾಗುವುದು?

ಈಚೆಗೆ ಮೇಷ್ಟ್ರ ಶಿಷ್ಯೆ ಕೋಮಲಾ ಬಂದಳು. ಕೈಯಲ್ಲಿ ಉಪಗ್ರಹದ ಚಿತ್ರಗಳಿಂದ ಮಾಡಿದ ನಕ್ಷೆ. ಕೆಟ್ಟ ಜೌಗಿಗೆ ಕೆಂಪು, ಚೆನ್ನಾಗಿರುವುದಕ್ಕೆ ಹಸಿರು. ಕೆಂಪಿದ್ದ ಕಡೆ ಮಾತ್ರ ಸರ್ಕಾರದವರು ಕಾಲುವೆ ಮುಚ್ಚುತ್ತಾರೆ. ನಮ್ಮದು ಹಸಿರು. ಒಣನೆಲದಲ್ಲಿ ಹಬ್ಬಿದ ಕಳೆಯನ್ನು ಉಪಗ್ರಹ ಜೌಗಿನ ಹುಲ್ಲೆಂದು ತಿಳಿದಿತ್ತು. ಕೋಮಲಾಳಿಗೆ ಅನುಮಾನ. ನೆಲ ಕುಸಿದಷ್ಟೂ ನನ್ನ ತಲೆ ಹೊರಗೆ ಕಾಣಬೇಕು, ಮೇಷ್ಟ್ರು ನನ್ನನ್ನು ನೆಟ್ಟದ್ದೇ ಅದಕ್ಕೆ. ಆ ಪುರಾವೆಗೆಂದು ನನ್ನನ್ನು ಹುಡುಕಿದಳು. ನೋಡಿದರೆ, ನನ್ನ ತಲೆ ನೆಲಕ್ಕೆ ಸಮ.

"ನೆಲ ಕುಸ್ದೇ ಇಲ್ಲ ಕಣ್ತಾತ. ಕಾಲುವೆ ಮುಚ್ಚಕ್ಕೆ ಅವ್ರು ಒಪ್ಪಲ್ಲ" ಎಂದಳು.

ಗುಂಡ್ಲುಪೇಟೆ ಸಂತೆಗೆ ಓಡಾಡಿ ಬೋಜನಿಗೆ ಅವಳ ಕನ್ನಡ ಚೆನ್ನಾಗಿ ಬರುತ್ತಿತ್ತು. "ಹಟ್ಟಿ ಒರತೆ ಬತ್ತೋಗದೆ ಮಗಾ. ಮೇಷ್ಟ್ರು ಹೇಳ್ದಂಗೆ ನಾನಂತೂ ವರ್ಷವರ್ಷ ಸಮ ಮಾಡ್ಕಂಡೇ ಬಂದಿವ್ನಿ."

"ಸಮ ಮಾಡೋದು ಅಂದ್ರೆ?"

ಬಾಯಿದ್ದಿದ್ದರೆ ನಾನೇ ಹೇಳುತ್ತಿದ್ದೆ. ಬೋಜ ಮನೆಗೆ ಹೋಗಿ ಒಂದು ಗೋಣಿಚೀಲ ತಂದು ಸುರಿದ. ಮೇಷ್ಟ್ರ ಸ್ವತ್ತೆಂದು ಒಂದು ತುಂಡನ್ನೂ ಬಿಸಾಡಿರಲಿಲ್ಲ. ಕೋಮಲಾ ಹನ್ನೊಂದನ್ನೂ ಸಾಲಾಗಿ ಜೋಡಿಸಿ ಟೇಪು ಹಿಡಿದಳು. ಅವಳ ಸೊಂಟದೆತ್ತರ ಬಂತು. ಅಲ್ಲೇ ಕೂತು ಅತ್ತಳು, ಆಮೇಲೆ ನಕ್ಕಳು.

ನಕ್ಷೆಯಲ್ಲಿ ನಮ್ಮ ಜೌಗು ಕೆಂಪಾಯಿತು. ಕಾಲುವೆಗೆ ಒಡ್ಡು ಬಿತ್ತು. ತುಂಡುಗಳನ್ನು ಬೆಸುಗೆ ಹಾಕಿ ಮತ್ತೆ ನನಗೆ ಸೇರಿಸಿದರು. ಈಗ ಗಂಟುಗಂಟಾಗಿ ಗಾಳಿಗೆ ನಿಂತಿದ್ದೇನೆ.

"ಇದರ ತಲೆ ಯಾವಾಗ ಮುಚ್ತದೆ ಮಗಾ?" ಎಂದು ಬೋಜ ಕೇಳಿದ.

"ಮಣ್ಣು ವರ್ಷಕ್ಕೆ ಒಂದು ದಾರದಷ್ಟು ಬೆಳೀತದೆ ತಾತ. ಸಾವಿರ ವರ್ಷ ಆಗ್ಬೋದು."

"ಹಂಗಾರೆ ಗರಗಸ ಇನ್ಯಾರ್ಗಾರೂ ಕೊಟ್ಬುಡ್ತಿನಿ."

ಅಷ್ಟು ವರ್ಷ ನಾನೂ ಇರುವುದಿಲ್ಲ, ಬೆಸುಗೆಯಲ್ಲಿ ಆಗಲೇ ತುಕ್ಕು. ಆದರೂ ಕೊರಳವರೆಗಿನ ಆ ನೀರಿಗಾಗಿ ಜೀವ ಹಂಬಲಿಸುತ್ತದೆ. ಬೋಜನಿಗೂ ಅದೇ ಹಂಬಲ. ದಿನಾ ಬೆಳಿಗ್ಗೆ ಬಂದು ನನ್ನ ಬುಡದಲ್ಲಿ ಬರಿಗಾಲನ್ನು ಒತ್ತಿ ನೋಡುತ್ತಾನೆ. ನಿನ್ನೆ ಅವನ ಬೆರಳುಗಳ ಸಂದಿಯಿಂದ ನೀರು ಮೇಲೆ ಬಂತು. ಎಮ್ಮೆಗಳು ಮುಂದೆ ಹೋದರೂ ಅವನು ಕಾಲು ತೆಗೆಯಲಿಲ್ಲ.