ಹುಣಸೆಮರದ ಬಳಿ ಎಡಕ್ಕೆ

ನನ್ನ ದನಿ ಕಂಡರೆ ನನಗೆ ಭಯ. ಹೊಸಪೇಟೆಯ ಸ್ಟೇಷನ್ ರಸ್ತೆಯಲ್ಲಿ ಸಿಗ್ನಲ್‌ಗೆ ನಿಂತಿರುತ್ತೇನೆ, ಪಕ್ಕದ ಕಾರಿನ ಗಾಜು ಇಳಿದಿರುತ್ತದೆ, ಒಳಗೆ ನಾನೇ ಮಾತಾಡುತ್ತಿರುತ್ತೇನೆ. "ನಮಸ್ಕಾರ, ದಾರಿಮಾತಿಗೆ ಸ್ವಾಗತ. ಆರಾಮವಾಗಿ ಕುಳಿತುಕೊಳ್ಳಿ. ದಾರಿ ನಾನು ಹೇಳುತ್ತೇನೆ." ಹಂಪಿಯಲ್ಲಿ ಕಾರು ನಿಲ್ಲಿಸುವ ಜಾಗದಲ್ಲಂತೂ ಒಂದೇ ಸಲಕ್ಕೆ ಮೂರು ಕಡೆಯಿಂದ ನಾನು ಕೇಳಿಸಿದ್ದುಂಟು. ಮೊದಮೊದಲು ಹೆಮ್ಮೆಯಿಂದ ತಿರುಗಿ ನೋಡುತ್ತಿದ್ದೆ. ಈಗ ಸೆರಗು ಕಿವಿಗೆ ಒತ್ತಿಕೊಂಡು ದಾಟುತ್ತೇನೆ.

ದಾರಿಮಾತು ನಮ್ಮ ದೊಡ್ಡಪ್ಪನ ಮಗ ಮನೋಹರ್ ಮಾಡಿಸಿದ ಆಪ್. ಗೈಡ್ ಬೇಕಾಗಿಲ್ಲ, ನಿಮ್ಮ ಕಾರು ನೀವೇ ಓಡಿಸಿಕೊಂಡು ಹೋಗುವುದು. ಕಾರು ಒಂದೊಂದು ಜಾಗಕ್ಕೆ ಬಂದಾಗ ಫೋನು ತಾನಾಗಿ ಮಾತಾಡುತ್ತದೆ. ಡ್ಯಾಮಿನ ಹಿನ್ನೀರಿನಿಂದ ಶುರುವಾಗಿ ಸಂಡೂರಿನ ಗುಡ್ಡಗಳನ್ನು ಸುತ್ತಿ ಹಂಪಿಯಲ್ಲಿ ಮುಗಿಯುವ ಒಂದು ದಿನದ ದಾರಿ. ಹಿನ್ನೀರಿಗೆ ಅವನು 'ಕಡಲಿಲ್ಲದವರ ಕಡಲತೀರ' ಎಂದು ಹೆಸರಿಟ್ಟಿದ್ದ. ಅಲೆ ಎರಡು ಇಂಚು ಏಳದಿದ್ದರೂ ಜನ ನಂಬಿ ಪ್ಯಾಂಟು ಮಡಚಿಕೊಂಡು ನೀರಿಗಿಳಿಯುತ್ತಿದ್ದರು. ಕಾಲೇಜಿನ ಕಾರ್ಯಕ್ರಮಗಳಲ್ಲಿ ನಿರೂಪಣೆ ಮಾಡುತ್ತಿದ್ದ ನನ್ನ ಕೈಯಲ್ಲಿ ಬರೆಸಿ, ನನ್ನ ಬಾಯಿಂದಲೇ ಹೇಳಿಸಿದ.

ಇನ್ನು ನಮ್ಮ ಕಡೆಯವರು ದಾರಿ ಹೇಳುವ ರೀತಿ ನಿಮಗೆ ಗೊತ್ತಿರಬೇಕು. ಇರುವುದನ್ನು ಹೇಳುವುದಿಲ್ಲ, ಇದ್ದದ್ದನ್ನು ಹೇಳುತ್ತೇವೆ. ಸೀಮೆಎಣ್ಣೆ ಅಂಗಡಿ ಹತ್ತಿರ ಬಲಕ್ಕೆ ಎಂದರೆ ಅಲ್ಲಿ ಈಗ ಮೊಬೈಲ್ ಅಂಗಡಿ. ಬಾವಿ ಹತ್ತಿರ ಇಳಿಸು ಎಂದರೆ ಬಾವಿ ಮುಚ್ಚಿ ಬ್ಯಾಂಕ್ ಎದ್ದಿದೆ. ಆಟೋದವರು ಸರಿಯಾಗಿ ಅಲ್ಲೇ ಇಳಿಸುತ್ತಾರೆ. ಸಂಡೂರು ದಾಟಿ ಚೋರನೂರಿನ ಕಡೆ ಹೋಗುವ ದಾರಿಯಲ್ಲೂ ಅಂಥದೊಂದು ಹುಣಸೆಮರ. ಅದಿರಿನ ಲಾರಿಗಳಿಗಾಗಿ ರಸ್ತೆ ಅಗಲ ಮಾಡಿದಾಗ ಅದನ್ನು ಕಡಿದು ಹನ್ನೊಂದು ವರ್ಷವಾಗಿದೆ. ಬಸ್ಸಿನವರು ಇವತ್ತಿಗೂ "ಹುಣಸಿಗಿಡ, ಇಳೀರಿ" ಎಂದು ಕೂಗುತ್ತಾರೆ. ಚಿಕ್ಕಂದಿನಲ್ಲಿ ಸೋದರಮಾವನ ಊರಿಗೆ ಹೋಗುವಾಗೆಲ್ಲ ನಾನು ಅದರ ಕೆಳಗೆ ಕಾಯಿ ಆರಿಸಿದವಳು. ಮನೆಯಲ್ಲಿ ಕೂತು ಬರೆದೆ: "ಮುಂದೆ ದೊಡ್ಡದೊಂದು ಹುಣಸೆಮರ ಕಾಣುತ್ತದೆ. ಅದರ ಬಳಿ ಎಡಕ್ಕೆ ತಿರುಗಿ."

ಆಮೇಲೆ ನಾನೂ ಮನೋಹರನೂ ನಾಲ್ಕು ಸಲ ಆ ದಾರಿಯಲ್ಲಿ ಪರೀಕ್ಷೆಗೆಂದು ಹೋಗಿಬಂದೆವು. ನಾಲ್ಕೂ ಸಲ ಆ ಮಾತು ಕೇಳಿದೆವು, ನಾಲ್ಕೂ ಸಲ ಮರವಿಲ್ಲದ ಜಾಗದಲ್ಲಿ ಸರಿಯಾಗಿ ಎಡಕ್ಕೆ ತಿರುಗಿದೆವು. ಮರ ಇಲ್ಲ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಇಬ್ಬರ ಕಣ್ಣಿಗೂ ಅದು ಅಲ್ಲೇ ಇತ್ತು.

ಅಲ್ಲಿಂದ ಒಂದು ಕಿಲೋಮೀಟರ್ ಮುಂದೆ ಇನ್ನೊಂದು ಹುಣಸೆಮರವಿದೆ. ಅದು ನಿಜವಾದದ್ದು. ಅದರ ಬಳಿಯೂ ಎಡಕ್ಕೆ ಒಂದು ದಾರಿ ಒಡೆಯುತ್ತದೆ, ಎಂದೋ ಬಿಟ್ಟುಹೋದ ಗಣಿಯ ದಾರಿ. ಕೆಮ್ಮಣ್ಣಿನ ಇಳಿಜಾರು ಮುಗಿದಲ್ಲಿ ಮಳೆನೀರು ತುಂಬಿದ ಗುಂಡಿ. ಕಳೆದ ಆಗಸ್ಟಿನಲ್ಲಿ, ಮಂಜು ಕವಿದ ಒಂದು ಮಧ್ಯಾಹ್ನ ನಾಲ್ಕರ ಹೊತ್ತಿಗೆ, ಕನಕರಾಜ್ ಎಂಬ ಬ್ಯಾಂಕಿನ ನಿವೃತ್ತ ನೌಕರರೊಬ್ಬರ ಕಾರು ಆ ಗುಂಡಿಗೆ ಹೋಯಿತು. ಮೂರನೇ ದಿನ ಮೇಲೆತ್ತಿದರು.

ಪೇಪರಿನಲ್ಲಿ ಜಾಗದ ಹೆಸರು ಓದಿದವಳೇ ಮನೋಹರನ ಆಫೀಸಿಗೆ ಓಡಿದೆ. ಅವನು ಕಂಪ್ಯೂಟರಿನಲ್ಲಿ ಹುಡುಕಿ, ಆ ಹೆಸರಿನವರು ಹಿಂದಿನ ದಿನವೇ ನಮ್ಮ ಟೂರ್ ಇಳಿಸಿಕೊಂಡದ್ದನ್ನು ನೋಡಿದ. ಮುಖ ಒರೆಸಿಕೊಂಡ.

"ಸುಮ್ನಿರು, ಶಾಂಭವಿ. ತಾನಾಗೇ ಹೋಗಿ ಬಿದ್ದಾನ ಅಂತ ಪೊಲೀಸರು ಬರ್ಕೊಂಡಾರಂತ. ಯಾರೂ ಕೇಳಿಲ್ಲ. ಕೇಳದ ಮಾತು ನೀ ಯಾಕ ಹೇಳ್ತಿ?"

"ಆ ಮಾತು ತಗದುಬಿಡಣ್ಣ."

"ಇವತ್ತ ತಗೀತೀನಿ."

ತೆಗೆದ. ಆದರೆ ಮೊದಲೇ ಇಳಿಸಿಕೊಂಡವರ ಫೋನಿನಲ್ಲಿ ಹಳೆಯದೇ ಉಳಿದಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನನ್ನ ಮಾತು ಹೋಗಲೇ ಇಲ್ಲ. ಊರ ತುಂಬ ಕಾರಿನಲ್ಲಿ ತಿರುಗುತ್ತಿತ್ತು. ನಾನು ಎಡ ಎಂಬ ಪದವನ್ನೇ ಬಿಟ್ಟೆ. ಅವ್ವ ಉಪ್ಪಿನ ಡಬ್ಬಿ ಎಲ್ಲಿ ಎಂದರೆ "ಆ ಕಡೆ" ಎನ್ನುತ್ತಿದ್ದೆ. ಹನ್ನೊಂದು ತಿಂಗಳು ಹೀಗೆ ಕಳೆದೆ. ಹೇಡಿತನವೇ, ಬೇರೆ ಹೆಸರು ಕೊಡುವುದಿಲ್ಲ.

ಹೋದ ವಾರ ಮನೋಹರ್ ಫೋನ್ ಮಾಡಿದ. ಕನಕರಾಜ್ ಅವರ ಹೆಂಡತಿ ಹಂಪಮ್ಮ ವರ್ಷದ ತಿಥಿಗೆಂದು ತವರಿಗೆ, ಕಂಪ್ಲಿಗೆ, ಬಂದಿದ್ದಾರೆ. ಗಂಡ ಕೊನೆಯ ದಿನ ಏನು ನೋಡಿದರೋ ಅದನ್ನೆಲ್ಲ ನೋಡಬೇಕಂತೆ. ಜೊತೆಗೆ ಆ ದನಿಯ ಹುಡುಗಿ ಬಂದರೆ ಒಳ್ಳೆಯದಂತೆ.

"ಹೋಗು. ಅತ್ತರ ಸಮಾಧಾನ ಮಾಡು. ಬಾಯಿ ಮಾತ್ರ ಬಿಡಬ್ಯಾಡ" ಎಂದ.

ಹಂಪಮ್ಮನಿಗೆ ಐವತ್ತೆಂಟಿರಬಹುದು. ಬೋಳು ಹಣೆ, ದಪ್ಪ ಕನ್ನಡಕ, ಮಡಿಲಲ್ಲಿ ಫೋನು. ನನ್ನ ಕಾರು ಹತ್ತಿದವರೇ ನನ್ನನ್ನು ಮೇಲಿಂದ ಕೆಳಗೆ ನೋಡಿ, "ದನಿ ಕೇಳಿದ್ರ ದೊಡ್ಡಾಕಿ ಅನಿಸ್ತೈತಿ. ಸಣ್ಣಾಕಿ ಅದಿ" ಎಂದರು. ಡ್ಯಾಮಿನ ಬಳಿ ಫೋನು ಒತ್ತಿದರು. ದಾರಿ ನಾನು ಹೇಳುತ್ತೇನೆ ಎಂದಿತು ನನ್ನ ದನಿ. ನಾನು ಸ್ಟೇರಿಂಗ್ ಬಿಗಿಯಾಗಿ ಹಿಡಿದೆ. ಫೋನಿನ ಒಳಗಿದ್ದವಳು ಹಗುರವಾಗಿ, ನಗುತ್ತಾ ಮಾತಾಡುತ್ತಿದ್ದಳು. ಅವಳಿಗೇನೂ ಗೊತ್ತಿರಲಿಲ್ಲ.

ಹಿನ್ನೀರಿನ ದಂಡೆಯಲ್ಲಿ ಇಳಿದು ಸ್ವಲ್ಪ ಹೊತ್ತು ನಿಂತೆವು. ಹಂಪಮ್ಮ ನೀರನ್ನು ನೋಡಲಿಲ್ಲ, ಕಾರುಗಳ ಗಾಲಿ ಗುರುತುಗಳನ್ನೇ ನೋಡುತ್ತಿದ್ದರು. ಆಮೇಲೆ ದಾರಿಯುದ್ದಕ್ಕೂ ಅವರೇ ಹೇಳಿದರು. ಕನಕರಾಜ್ ತುಮಕೂರಿನವರು. ಹಂಪಮ್ಮನ ತಂಗಿಯ ಮೊಮ್ಮಗಳ ತೊಟ್ಟಿಲ ಶಾಸ್ತ್ರಕ್ಕೆಂದು ಇಬ್ಬರೂ ಕಂಪ್ಲಿಗೆ ಬಂದಿದ್ದರು. ಹೆಂಡತಿಯ ಸೀಮೆಯನ್ನು ಒಂದು ಸಲ ಸರಿಯಾಗಿ ನೋಡಬೇಕೆಂದು ಗಂಡನಿಗೆ ಆಸೆ.

"ನಾ ಒಲ್ಲೆ ಅಂದೆ. ಹುಟ್ಟಿದ ಸೀಮಿ ನೋಡಾಕ ಫೋನ್ ಕೇಳ್ಬೇಕೇನ್ರಿ ಅಂತ ಎಲ್ಲಾರ ಮುಂದ ಅಂದೆ. ಉಪ್ಪಿಟ್ಟು ಅರ್ಧಕ್ಕ ಬಿಟ್ಟು ಎದ್ದರು. ಒಬ್ಬರ ಹೋದ್ರು."

ಸಂಡೂರಿನ ಕಣಿವೆ ಶುರುವಾಯಿತು. ಮಳೆಗಾಲದ ಹಸಿರು, ಅಲ್ಲಲ್ಲಿ ಗುಡ್ಡ ಕೊರೆದ ಕೆಂಪು. ಫೋನಿನಲ್ಲಿ ನೆಟ್‌ವರ್ಕ್ ಹೋಯಿತು, ಮ್ಯಾಪ್ ಬಿಳಿ ಹಾಳೆಯಾಯಿತು. ಅಲ್ಲಿ ನನ್ನ ದನಿ ಒಂದೇ ದಿಕ್ಕು.

"ಪೊಲೀಸರು ಅಂದದ್ದನ್ನ ನನ್ನ ಮಕ್ಕಳೂ ನಂಬ್ಯಾರ" ಎಂದರು ಹಂಪಮ್ಮ. "ಮೂರು ಕಿಲೋಮೀಟರ್ ಹಾಳು ದಾರಿ, ಯಾವನಾರ ದಿಕ್ಕು ತಪ್ಪಿ ಹೋಗ್ತಾನೇನು? ಅಪ್ಪ ಬೇಕಂತ ಹೋದ, ಅವ್ವ ಅಂದದ್ದಕ್ಕ ಹೋದ. ಬಾಯಿ ಬಿಟ್ಟು ಅನ್ನಂಗಿಲ್ಲ. ಮಗಳು ವರ್ಷಾತು ನನ್ನ ಕೈಯಾಗಿನ ನೀರು ಕುಡೀವಲ್ಲಳು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವರ ಹಾಗೆ ನಾನು ಕಾರಿನ ವೇಗ ತಗ್ಗಿಸಿದೆ. ಆದರೆ ಒಳಗೊಳಗೆ ಒಂದು ಧೈರ್ಯವಿತ್ತು. ಆ ಮಾತನ್ನು ಮನೋಹರ್ ತೆಗೆದಿದ್ದಾನಲ್ಲ, ಹಂಪಮ್ಮ ಹೊಸದನ್ನೇ ಇಳಿಸಿಕೊಂಡಿರಬೇಕು. ಈ ತಿರುವನ್ನು ಸದ್ದಿಲ್ಲದೆ ದಾಟಿಸಿಬಿಟ್ಟರೆ ಹಂಪಿಯವರೆಗೆ ಮತ್ತೇನೂ ಇಲ್ಲ.

ಫೋನು ಮಾತಾಡಿತು. "ಮುಂದೆ ದೊಡ್ಡದೊಂದು ಹುಣಸೆಮರ ಕಾಣುತ್ತದೆ. ಅದರ ಬಳಿ ಎಡಕ್ಕೆ ತಿರುಗಿ."

ನನ್ನ ಬೆನ್ನು ನೆಟ್ಟಗಾಯಿತು. ಕೈಗಳು ಮಾತ್ರ ನನ್ನನ್ನು ಕೇಳದೆ, ಬಯಲಾದ ಆ ಜಾಗದಲ್ಲಿ ಕಾರನ್ನು ಎಡಕ್ಕೆ ಹೊರಳಿಸಿದವು.

"ಇದು ಯಾವಾಗ ಇಳಿಸ್ಕೊಂಡಿದ್ದು, ಅಮ್ಮಾ?"

"ನಾ ಎಲ್ಲಿ ಇಳಿಸ್ಕೊಳ್ಳಲಿ. ಹೊರಡೋ ಹಿಂದಿನ ದಿನ ಅವರ ಹಾಕಿದ್ರು. ನಿನ್ನ ಫೋನಿನಾಗೂ ಹಾಕೀನಿ, ಕೂಡಿ ಹೋಗೂಣು ಅಂದಿದ್ರು. ಇವತ್ತ ಮೊದಲ ಸಲ ತೆರದೀನಿ." ಅವರು ಕಿಟಕಿಯಿಂದ ಹಿಂದೆ ಮುಂದೆ ನೋಡಿದರು. "ತಂಗಿ, ಗಿಡ ಎಲ್ಲೈತಿ?"

"ಹಿಂದ ಹೋತ್ರಿ" ಎಂದೆ.

ಅವರು ಕನ್ನಡಕ ಸರಿಮಾಡಿಕೊಂಡು ಹಿಂದಿನ ಗಾಜಿನಲ್ಲಿ ನೋಡಿದರು. ಅಲ್ಲಿ ಡಾಂಬರು, ಒಂದು ಮೈಲಿಗಲ್ಲು, ಖಾಲಿ ಆಕಾಶ. ಮತ್ತೆ ನನ್ನ ಕಡೆ ತಿರುಗಿದರು. ನನಗಿಂತ ಹೆಚ್ಚಾಗಿ ತಮ್ಮ ಕಣ್ಣನ್ನೇ ಅನುಮಾನಿಸುತ್ತಿದ್ದಾರೆ ಎಂಬುದು ಅವರ ಮುಖದಲ್ಲಿತ್ತು. ವರ್ಷದಿಂದ ಈ ಹೆಂಗಸು ಎಲ್ಲದಕ್ಕೂ ತನ್ನದೇ ತಪ್ಪು ಎಂದುಕೊಂಡು ಬದುಕಿದ್ದಾರೆ. ನಾನು ಇನ್ನೊಂದು ಸುಳ್ಳು ಸೇರಿಸಿದರೆ ಅದನ್ನೂ ಹೊರುತ್ತಾರೆ. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು.

ಕಾರನ್ನು ಹಿಂದಕ್ಕೆ ತೆಗೆದು ಮತ್ತೆ ದೊಡ್ಡ ರಸ್ತೆಗೆ ಬಂದೆ. ನೇರವಾಗಿ ಒಂದು ಕಿಲೋಮೀಟರ್ ಓಡಿಸಿದೆ. ಮಂಜಿನಲ್ಲಿ ದೊಡ್ಡದೊಂದು ಹುಣಸೆಮರ ಕಂಡಿತು. ಅದರ ಬಳಿ ನಿಲ್ಲಿಸಿ, ಇಂಜಿನ್ ಆರಿಸಿದೆ.

"ನಾ ಹೇಳಿದ ಗಿಡ ಅಲ್ಲೇನೂ ಇಲ್ರಿ, ಅಮ್ಮಾ. ಕಡದು ಹನ್ನೊಂದು ವರ್ಷಾತು. ನನ್ನ ತಲಿಯಾಗ ಇತ್ತು, ಹೇಳಿಬಿಟ್ಟೆ. ಹೊರಗಿನವರಿಗೆ ಕಾಣೋದು ಇದೊಂದ. ಅವರು ನಾ ಹೇಳಿದಂಗ ಇಲ್ಲಿ ಎಡಕ್ಕ ತಿರುಗ್ಯಾರ. ಗುಂಡಿ ಈ ದಾರಿಯಾಗ ಐತಿ."

ಹಂಪಮ್ಮ ಕಂಪ್ಲಿಯವರು. ಕಡಿದ ಮರದ ಗುರುತು ಹೇಳುವುದು ಏನೆಂದು ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಿಟಕಿಯಿಂದ ಆ ಎಡದಾರಿಯ ಕಡೆ ಕೈ ತೋರಿಸಿದರು.

"ಇಲ್ಲಿಂದ ಮುಂದ ಫೋನಿನಾಗ ನೀ ಏನ್ ಹೇಳ್ತಿ?"

"ಏನೂ ಹೇಳಂಗಿಲ್ರಿ. ಈ ದಾರಿಗೆ ಮಾತು ಇಲ್ಲ. ಸರಿಯಾದ ದಾರಿಯಾಗ ಹೋದ್ರ ಮೂರು ಕಿಲೋಮೀಟರ್ ಆದಮ್ಯಾಲೆ ಮುಂದಿನ ಮಾತು ಬರ್ತೈತಿ."

"ಹಂಗಾದ್ರ ಕಾದಾರ" ಎಂದರು. "ಹೇಳಿದಂಗ ಕೇಳೋ ಮನುಷ್ಯಾ. ಈಗ ಹೇಳ್ತಾಳ, ಇನ್ನೊಂದೀಟು ಮುಂದ ಹೋದ್ರ ಹೇಳ್ತಾಳ ಅಂತ ಕಾಕೊಂತ ಹೋಗ್ಯಾರ."

ಹನ್ನೊಂದು ತಿಂಗಳು ನನ್ನ ಮಾತಿಗೆ ಹೆದರಿದ್ದೆ. ಅದಾದ ಮೇಲಿನ ಮೌನದಲ್ಲಿ ಒಬ್ಬರು ಕಿವಿಗೊಟ್ಟುಕೊಂಡು ಕಾರು ಓಡಿಸಿದ್ದಾರೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ನಾನು ಅತ್ತೆ. ಅವರು ಅಳಲಿಲ್ಲ.

"ಸಿಟ್ಟಿಲೆ ಸಾಯಾಕ ಹೋದವರು ಟೂರ್ ಹಾಕ್ಕೊಂಡು ಹೋಗಂಗಿಲ್ಲ" ಎಂದು ತಮಗೇ ಹೇಳಿಕೊಂಡರು. ಅವರ ಭುಜ ಇಳಿಯಿತು. ಆಮೇಲೆ ನನ್ನ ಕಡೆ ತಿರುಗಿದಾಗ ಕಣ್ಣು ಬೇರೆಯಾಗಿತ್ತು. "ನಿನಗ ಯಾವಾಗ ಗೊತ್ತಾತು?"

"ಪೇಪರ್ ನೋಡಿದ ದಿನಾನ, ಅಮ್ಮಾ."

"ಹನ್ನೊಂದು ತಿಂಗಳು ನಾ ನನ್ನ ಗಂಡನ್ನ ಕೊಂದೀನಿ ಅಂತ ತಿಳ್ಕೊಂಡು ಉಂಡೀನಿ, ಮಲಗೀನಿ. ನಿನ್ನ ಕಡೆ ಒಂದು ಮಾತು ಇತ್ತು. ಇಟ್ಕೊಂಡು ಕುಂತಿ. ಗಿಡದ್ದು ಮರೆವು, ತಂಗಿ. ಇದು ಮರೆವು ಅಲ್ಲ."

ಹೊಡೆದಿದ್ದರೆ ಚೆನ್ನಾಗಿತ್ತು.

"ಕಂಪ್ಲಿಗೆ ನಡಿ. ಮಕ್ಕಳಿಬ್ರೂ ಅದಾರ. ಅವರ ಮುಂದ ಹೇಳು. ನಾಳೆ ಸಂಡೂರು ಠಾಣೆಕ್ಕ ಬಂದು ಅಲ್ಲೂ ಹೇಳು."

"ಬರ್ತೀನ್ರಿ" ಎಂದೆ.

ಕಾರನ್ನು ಕಂಪ್ಲಿಗೆ ತಿರುಗಿಸಿದೆ. ಪಡಸಾಲೆಯಲ್ಲಿ ಮಗ, ಮಗಳು ಕೂತಿದ್ದರು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಮಗ ನಂಬಲಿಲ್ಲ. ಹಂಪಮ್ಮ ಫೋನು ತೆಗೆದು ಆ ಮಾತು ಹಾಕಿದರು. ಮಗ ಫೋನನ್ನೂ ನನ್ನನ್ನೂ ನೋಡಿದ. ಮಗಳು ಎದ್ದು ಬಂದು ತಾಯಿಯ ಕಾಲ ಬಳಿ ಕುಸಿದು, ಮಂಡಿಗೆ ಮುಖ ಒತ್ತಿದಳು. ಹಂಪಮ್ಮನ ಕೈ ಅವಳ ತಲೆಯ ಮೇಲೆ ಹೋಗಿ, ಗಾಳಿಯಲ್ಲಿ ಒಂದು ಗಳಿಗೆ ನಿಂತು, ಆಮೇಲೆ ಇಳಿಯಿತು. ಅವರು ಅತ್ತದ್ದು ಆಗಲೇ.

ನಾನು ಹೊರಡಲು ತಿರುಗಿದೆ. ಬಾಗಿಲ ಬಳಿ ನಿಂತು, ಬೇಡಿಕೊಳ್ಳುವ ಹಾಗೆ ಕೇಳಿದೆ. "ಅಮ್ಮಾ, ಠಾಣೆ ಕೆಲಸ ಮುಗಿದಮ್ಯಾಲೆ ಆ ಮಾತು ಅಳಿಸಿಬಿಡ್ರಿ."

"ಅಳಿಸಂಗಿಲ್ಲ" ಎಂದರು, ಮಗಳ ತಲೆ ಸವರುತ್ತಲೇ. "ಅವರು ಸಿಟ್ಟಿಲೆ ಹೋಗಿಲ್ಲ ಅನ್ನಾಕ ನಮ್ಮನ್ಯಾಗ ಇರೋದು ಅದೊಂದ."

ಕಟ್ಟೆಯ ಮೇಲೆ ಕೂತು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಒಳಗೆ ಮಗಳು "ಇನ್ನೊಮ್ಮೆ ಹಾಕವ್ವಾ" ಎಂದಳು. ಬಾರು ಎಷ್ಟು ಎಳೆದರೂ ಕೊಂಡಿಗೆ ಸೇರಲಿಲ್ಲ. ಒಳಗೆ ನಾನು ಮಾತಾಡುತ್ತಲೇ ಇದ್ದೆ.