ಎಡಗಡೆಯ ಮುಂಬಲ್ಲು

ಮದುವೆಯ ಮೆರವಣಿಗೆ ನಮ್ಮ ಬೀದಿಗೆ ತಿರುಗಿತೆಂದರೆ ಅಪ್ಪ ಎಲ್ಲಿದ್ದರೂ ಎದ್ದು ಜಗಲಿಗೆ ಬಂದು ನಿಲ್ಲುತ್ತಿದ್ದರು. ಊಟಕ್ಕೆ ಕೂತಿದ್ದರೆ ಎಂಜಲುಗೈಯಲ್ಲೇ ಬರುತ್ತಿದ್ದರು. ಮದುಮಕ್ಕಳ ಕಡೆಗೆ ಅವರ ನೋಟ ಹೋಗುತ್ತಿರಲಿಲ್ಲ. ಬ್ಯಾಂಡಿನವರ ಮುಂದಿನ ಸಾಲಿನಲ್ಲಿ ಕೆಂಪು ಕೋಟು ತೊಟ್ಟು ಕ್ಲಾರಿಯೊನೆಟ್ ನುಡಿಸುತ್ತ ಬರುವ ಓಬಳಪ್ಪ ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ ಅವರನ್ನೇ ಕಣ್ಣು ಕದಲಿಸದೆ ನೋಡುತ್ತಿದ್ದರು. ಅಪ್ಪನಿಗೆ ಸಂಗೀತದ ಹುಚ್ಚು ಎಂದೇ ನಾನು ತಿಳಿದಿದ್ದೆ.

ಅಪ್ಪ ನಮ್ಮ ಊರಿನ ಹಲ್ಲಿನ ಡಾಕ್ಟರು. ವಯಸ್ಸಾಗಿ ಅವರು ಕೆಲಸ ನಿಲ್ಲಿಸಿದಾಗ ಮನೆಯ ಮುಂದಿನ ಕೋಣೆಯಲ್ಲಿದ್ದ ಕುರ್ಚಿ, ಔಷಧಿಯ ಬೀರು, ಗೋಡೆಯ ಗಡಿಯಾರ ಎಲ್ಲವೂ ಅದೇ ಓದು ಓದಿದ್ದ ನನಗೆ ಬಂದವು. ಜನರ ನಂಬಿಕೆ ಮಾತ್ರ ಬರಲಿಲ್ಲ. ಬಂದವರು ನನ್ನ ಹೆಗಲಿನಾಚೆ ಒಳಮನೆಯ ಬಾಗಿಲ ಕಡೆ ನೋಡುತ್ತಿದ್ದರು.

ಓಬಳಪ್ಪನೂ ಹಾಗೆಯೇ ನೋಡಿದರು. ಹೆಂಡತಿ ಸಂಜೀವಮ್ಮನ ಜೊತೆ ಬಂದವರು ಕುರ್ಚಿಯಲ್ಲಿ ಕೂರದೆ ಬಾಗಿಲಲ್ಲೇ ನಿಂತು, "ದೊಡ್ಡ ಡಾಕ್ಟ್ರು ಇಲ್ವೇನಮ್ಮ?" ಎಂದರು.

ನಾನು ಒಳಗೆ ಹೋಗಿ ಹೇಳಿದೆ. ಪತ್ರಿಕೆ ಓದುತ್ತಿದ್ದ ಅಪ್ಪ ತಲೆಯೆತ್ತಲಿಲ್ಲ. "ತಲೆನೋವು. ನೀನೇ ನೋಡು," ಎಂದರು. ಒಂದು ಗಳಿಗೆಯ ಹಿಂದೆ ಅವರಿಗೆ ತಲೆನೋವು ಇರಲಿಲ್ಲ.

ಓಬಳಪ್ಪನ ಮೇಲಿನ ಮುಂಬಲ್ಲೊಂದರ ಬುಡದಲ್ಲಿ, ವಸಡಿನ ಮೇಲೆ ಗುಳ್ಳೆಯೆದ್ದಿತ್ತು. ತಿಂಗಳಿಗೊಮ್ಮೆ ಕೀವು ತುಂಬಿ ಒಡೆಯುವುದು, ಮತ್ತೆ ತುಂಬುವುದು. ಹನ್ನೊಂದು ವರ್ಷದ ಹಿಂದೆ ಅಪ್ಪನೇ ಅದಕ್ಕೆ ರೂಟ್ ಕೆನಾಲ್ ಮಾಡಿದ್ದರಂತೆ. ಎಕ್ಸ್‌ರೇ ತೆಗೆದೆ. ಬೇರಿನ ತುದಿಯ ಸುತ್ತ ಮೂಳೆ ಕರಗಿ, ಮೆಣಸಿನ ಕಾಳಿನಷ್ಟು ಕಪ್ಪು ನೆರಳು ಕಾಣುತ್ತಿತ್ತು. ಆ ನೆರಳಿನೊಳಕ್ಕೆ ಕೂದಲೆಳೆಯಂಥ ಒಂದು ಬಿಳಿ ಗೆರೆ ಚಾಚಿತ್ತು. ಅದೇನೆಂದು ನನಗೆ ನೋಡಿದ ಕೂಡಲೇ ತಿಳಿಯಿತು. ಬೇರಿನ ಒಳಗನ್ನು ಕೆರೆದು ಶುಚಿ ಮಾಡುವ ಸೂಜಿ ಮುರಿದು ತುದಿಯಲ್ಲೇ ಸಿಕ್ಕಿಕೊಂಡಿತ್ತು.

ಓಬಳಪ್ಪ ಎಕ್ಸ್‌ರೇಯನ್ನು ನನ್ನ ಕೈಯಿಂದ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. "ಈ ಬಿಳೀ ಗೆರೆ ಏನು ಡಾಕ್ಟ್ರಮ್ಮ?"

"ಹಳೇ ಚಿಕಿತ್ಸೆಯ ಗುರುತು," ಎಂದುಬಿಟ್ಟೆ.

ಅವರು ಎಕ್ಸ್‌ರೇ ಬಿಟ್ಟು ನನ್ನ ಮುಖ ನೋಡಿದರು. ಮದುವೆ ಮನೆಗಳಲ್ಲಿ ಸಾವಿರ ಮುಖ ಕಂಡವರು. ನನ್ನ ಮಾತನ್ನು ಅವರು ನಂಬಲಿಲ್ಲ.

ಹಲ್ಲಿನ ಕಡೆಯಿಂದ ಮತ್ತೆ ಬೇರಿನೊಳಗೆ ಹೋಗಲು ದಾರಿ ಇಲ್ಲ, ಬೇರಿನ ತುದಿಯ ಕಡೆಯಿಂದಲೇ ಹೋಗಬೇಕು ಎಂದು ಬಿಡಿಸಿ ಹೇಳಿದೆ. ಜಾಗವನ್ನು ಮರಗಟ್ಟಿಸಿ, ವಸಡನ್ನು ಕೊಯ್ದು ಮೇಲಕ್ಕೆತ್ತುವುದು. ಮೂಳೆಯಲ್ಲಿ ಸಣ್ಣ ಕಿಂಡಿ ಮಾಡಿ ಕೊಳೆತದ್ದನ್ನೆಲ್ಲ ಕೆರೆದು ತೆಗೆಯುವುದು. ಬೇರಿನ ತುದಿಯನ್ನು ಒಂದು ಅಕ್ಕಿಕಾಳಿನ ಅರ್ಧದಷ್ಟು ಕತ್ತರಿಸಿ, ಅಲ್ಲಿಂದಲೇ ರಂಧ್ರ ಮುಚ್ಚಿ, ವಸಡನ್ನು ಹೊಲಿಯುವುದು. ಹಲ್ಲು ಇದ್ದ ಜಾಗದಲ್ಲೇ ಇರುತ್ತದೆ.

"ಅಂದ್ರೆ ಬಾಯಿ ಕಡೆಯಿಂದ ಆಗದಿದ್ರೆ ಗಂಟೆ ಕಡೆಯಿಂದ ಕಡ್ಡಿ ಹಾಕೋದು," ಎಂದರು ಓಬಳಪ್ಪ. ಕ್ಲಾರಿಯೊನೆಟ್ ಶುಚಿ ಮಾಡುವ ಮಾತು ಅದು; ಅದರ ಅಗಲವಾದ ತುದಿಗೆ ಅವರು ಗಂಟೆ ಎನ್ನುತ್ತಿದ್ದರು. "ಅದು ಅರ್ಥವಾಯ್ತು. ನೀವು ಇದನ್ನ ಎಷ್ಟು ಜನಕ್ಕೆ ಮಾಡಿದ್ದೀರಿ?"

"ಕಾಲೇಜಿನಲ್ಲಿ ನಾಲ್ಕು. ಒಬ್ಬಳೇ ಮಾಡೋದು ಇದೇ ಮೊದಲು."

"ಕಿತ್ತುಬಿಟ್ರೆ?" ಎಂದರು ಸಂಜೀವಮ್ಮ.

"ಕೀಳಬಹುದು. ಆದರೆ ವಾದ್ಯ ಕೂರೋದು ಆ ಹಲ್ಲಿನ ಮೇಲೆ. ಕಟ್ಟಿಸಿದ ಹಲ್ಲು ಆ ಅದುರಾಟ ತಾಳೀತು ಅಂತ ನಾನು ಮಾತು ಕೊಡಲಾರೆ."

ಅವರಿಬ್ಬರೂ ಹೊರಟುಹೋದರು. ಎರಡು ದಿನ ಪೇಟೆಯಲ್ಲಿ ಸಿಕ್ಕವರನ್ನೆಲ್ಲ ವಿಚಾರಿಸಿದರಂತೆ. ಯಾರೋ ಒಬ್ಬನಿಗೆ ಹೀಗೆ ಕೊಯ್ಯಿಸಿಕೊಂಡು ಮುಖವೇ ಸೊಟ್ಟಗಾಯಿತೆಂದೂ ಕೇಳಿದ್ದರಂತೆ. ಮೂರನೆಯ ದಿನ ಮೇಲ್ತುಟಿ ಊದಿಕೊಂಡು ಬಾಗಿಲಲ್ಲಿ ನಿಂತಿದ್ದರು. "ಮಾಡಿ," ಎಂದರು. "ಆದ್ರೆ ನಮ್ಮವಳು ಪಕ್ಕದಲ್ಲೇ ನಿಂತಿರ್ತಾಳೆ. ಕತ್ತರಿಸಿದ್ದನ್ನ ನನ್ನ ಕೈಗೇ ಕೊಡಬೇಕು. ನೀವೇನೋ ಮುಚ್ಚಿಡ್ತಿದ್ದೀರಿ, ಏನು ಅಂತ ಮಾತ್ರ ಗೊತ್ತಾಗ್ತಿಲ್ಲ."

ಊತ ಇಳಿಯಲು ಮಾತ್ರೆ ಕೊಟ್ಟು, ವಾರ ಬಿಟ್ಟು ಬರಲು ಹೇಳಿದೆ. ಆ ಸಂಜೆ ಕಾಫಿಯ ಹೊತ್ತಿಗೆ ಅಪ್ಪನನ್ನು ಕೇಳಿದೆ. "ಓಬಳಪ್ಪನವರ ಒಂದು ಹಲ್ಲಿಗೆ ವಸಡು ಕೊಯ್ಯಬೇಕಾಗಿದೆ. ಹಿಂದೆ ಅದಕ್ಕೆ ಚಿಕಿತ್ಸೆ ಮಾಡಿದ್ದು ನಿಮಗೆ ನೆನಪಿದೆಯೇ?"

"ಎಷ್ಟೋ ಜನರ ಹಲ್ಲು ಮುಟ್ಟಿದ್ದೀನಿ. ಎಲ್ಲಾ ನೆನಪಿರುತ್ತಾ?" ಎಂದು ಲೋಟ ತಿರುಗಿಸುತ್ತ ಕೂತರು. ಕೊನೆಯ ಗುಟುಕು ಕುಡಿದು, "ಅಷ್ಟೆಲ್ಲ ಕೊಯ್ಯೋ ಗೋಜು ಯಾಕೆ? ಆ ಎಡಗಡೆ ಮುಂಬಲ್ಲು ಕಿತ್ತು ಬಿಸಾಕು," ಎಂದರು.

ಯಾವ ಹಲ್ಲೆಂದು ನಾನು ಅವರಿಗೆ ಹೇಳಿರಲಿಲ್ಲ.

ಆ ವಾರವೆಲ್ಲ ನಾವಿಬ್ಬರೂ ಒಬ್ಬರನ್ನೊಬ್ಬರು ಕಳ್ಳರಂತೆ ಗಮನಿಸಿದೆವು. ಹಲ್ಲು ಕಿತ್ತರೆ ಅದರ ಜೊತೆಗೆ ಸಾಕ್ಷಿಯೂ ಹೋಗುತ್ತದೆ ಎಂಬ ಯೋಚನೆಯೊಂದು ನನ್ನೊಳಗೆ ಬಂದಿತ್ತು. ಹೆತ್ತ ತಂದೆಯ ಬಗ್ಗೆ ಹಾಗೆ ಯೋಚಿಸಿದ್ದಕ್ಕೆ ನಾಚಿಕೆಯಾಯಿತು. ಆದರೂ ಅದು ಹೋಗಲಿಲ್ಲ.

ಶಸ್ತ್ರಚಿಕಿತ್ಸೆಗೆ ಒಂದು ಗಂಟೆ ಹಿಡಿಯಿತು. ಸಂಜೀವಮ್ಮ ಸೆರಗಿನ ತುದಿಯನ್ನು ಬಾಯಿಗೊತ್ತಿಕೊಂಡು ನಿಂತಿದ್ದರು. ಒಂದು ಸಲವೂ ಕಣ್ಣು ಮುಚ್ಚಲಿಲ್ಲ. ವಸಡನ್ನು ಎತ್ತಿದಾಗ ಮೂಳೆ ಆಗಲೇ ಸವೆದು ತಾನೇ ಕಿಂಡಿಯಾಗಿತ್ತು. ಕೊಳೆತ ಮಾಂಸವನ್ನು ಕೆರೆದು ತೆಗೆದೆ. ಬೇರಿನ ತುದಿಯನ್ನು ಕತ್ತರಿಸಿ ಸ್ಟೀಲಿನ ಬಟ್ಟಲಿಗೆ ಹಾಕಿದಾಗ ಟಿಣ್ ಎಂದು ಸದ್ದಾಯಿತು. ಬೇರಿನ ಬಾಯಿ ಮುಚ್ಚಿ, ಮೂರು ಹೊಲಿಗೆ ಹಾಕಿ ಕೈಗವಸು ಬಿಚ್ಚುವಷ್ಟರಲ್ಲಿ ಸಂಜೀವಮ್ಮ ಬಟ್ಟಲ ಮೇಲೆ ಬಗ್ಗಿದ್ದರು.

"ಇದರೊಳಗೆ ಹೊಳೀತಿರೋದು ಏನಮ್ಮ?"

ಹೊಸದೊಂದು ಸುಳ್ಳು ನಾಲಗೆಯ ತುದಿಗೇ ಬಂದಿತ್ತು. ಹೇಳಿದ್ದರೆ ಅವರಿಗೆ ಹೇಗೆ ತಾನೇ ತಿಳಿಯುತ್ತಿತ್ತು? ಆದರೆ ಓಬಳಪ್ಪ ಕುರ್ಚಿಯಲ್ಲಿ ಒರಗಿಕೊಂಡೇ ನನ್ನ ಮುಖವನ್ನು ನೋಡುತ್ತಿದ್ದರು, ಅಂದು ಎಕ್ಸ್‌ರೇ ಬಿಟ್ಟು ನೋಡಿದ ಹಾಗೆಯೇ.

"ಸೂಜಿಯ ತುದಿ," ಎಂದೆ. "ಮೊದಲ ಸಲ ಚಿಕಿತ್ಸೆ ಮಾಡಿದಾಗ ಒಳಗೇ ಮುರಿದದ್ದು. ಎಕ್ಸ್‌ರೇ ನೋಡಿದ ದಿನವೇ ನನಗೆ ಗೊತ್ತಾಗಿತ್ತು. ನಾನು ಸುಳ್ಳು ಹೇಳಿದೆ."

ಓಬಳಪ್ಪನ ತುಟಿ ಮರಗಟ್ಟಿತ್ತು, ಮಾತು ಹೊರಡುವಂತಿರಲಿಲ್ಲ. ಅವರು ನಿಧಾನವಾಗಿ ಎದ್ದು, ಆ ಚೂರನ್ನು ಕಾಗದದಲ್ಲಿ ಮಡಿಸಿ ಜೇಬಿಗೆ ಹಾಕಿಕೊಂಡು ಹೊರಗೆ ನಡೆದರು. ಜಗಲಿಯಲ್ಲಿ ಅಪ್ಪ ನಿಂತಿದ್ದರು. ಒಳಗಿನ ಮಾತೆಲ್ಲ ಅವರಿಗೆ ಕೇಳಿಸಿತ್ತು.

"ಅದು ಮುರಿದದ್ದು ನನಗೆ ಅವತ್ತೇ ಗೊತ್ತಾಯ್ತು ಓಬಳಪ್ಪ," ಎಂದರು ಅಪ್ಪ. "ಎಷ್ಟೋ ಜನಕ್ಕೆ ಹಾಗೇ ಒಳಗೇ ಉಳಿದ್ರೂ ಏನೂ ಆಗೋಲ್ಲ. ನಿನಗೂ ಆಗೋಲ್ಲ ಅಂದ್ಕೊಂಡೆ. ಪ್ರತಿ ಮೆರವಣಿಗೆಲೂ ಇಲ್ಲಿ ನಿಂತು ನಿನ್ನ ತುಟಿ ಊದಿದೆಯಾ, ವಾದ್ಯ ಸರಿಯಾಗಿ ಕಚ್ಚಿದ್ದೀಯಾ ಅಂತ ನೋಡ್ತಿದ್ದೆ. ನೀನು ಏನು ನುಡಿಸ್ತಿದ್ದೆ ಅನ್ನೋದು ಒಂದು ದಿನವೂ ನನ್ನ ಕಿವಿಗೆ ಬಿದ್ದಿಲ್ಲ."

ನಾನು ಕೈಗವಸು ಹಿಡಿದುಕೊಂಡೇ ಬಾಗಿಲಿಗೆ ಬಂದೆ.

ಓಬಳಪ್ಪ ನಾನು ಕೊಟ್ಟಿದ್ದ ಮಂಜುಗಡ್ಡೆ ಸುತ್ತಿದ ಬಟ್ಟೆಯನ್ನು ತುಟಿಗೆ ಒತ್ತಿಕೊಂಡು ನಿಂತಿದ್ದರು. ಮಾತಾಡಿದ್ದು ಸಂಜೀವಮ್ಮ. "ಹನ್ನೊಂದು ವರ್ಷದಲ್ಲಿ ಒಂದು ಮಾತು ಹೇಳಬಾರದಾಗಿತ್ತಾ ಸ್ವಾಮಿ? ಈ ಜಗಲಿ ಇಳಿದು ಹತ್ತು ಹೆಜ್ಜೆ ಹಾಕಿದ್ರೆ ನಾವು ಅಲ್ಲೇ ಬೀದೀಲಿ ಹೋಗ್ತಿದ್ವಲ್ಲ."

"ಹೆದರಿದೆ ತಾಯಿ," ಎಂದರು ಅಪ್ಪ.

ಗಂಡ ಹೆಂಡತಿ ಇಬ್ಬರೂ ತಿರುಗಿ ನೋಡದೆ ಹೋದರು.

ಹೊಲಿಗೆ ಬಿಚ್ಚಲು ಬರಬೇಕಾದ ದಿನದವರೆಗೆ ಬೀದಿಯಲ್ಲಿ ಯಾರು ಗುಂಪುಗೂಡಿ ಪಿಸುಗುಟ್ಟಿದರೂ ನಮ್ಮದೇ ಮಾತೆಂದು ನನಗೆ ಅನುಮಾನ. ಓಬಳಪ್ಪ ಬೇರೆ ಊರಿನ ಡಾಕ್ಟರ ಬಳಿ ಹೋಗಿರಬಹುದು, ಆ ಚೂರನ್ನು ಪಂಚರ ಮುಂದೆ ಇಟ್ಟಿರಬಹುದು ಎಂದೆಲ್ಲ ಲೆಕ್ಕ ಹಾಕಿದೆ. ಅಂಥದ್ದೇನೂ ಆಗಲಿಲ್ಲ. ಮುಂದೆ ಆ ಹಲ್ಲು ಗಟ್ಟಿಯಾಗಿ ಉಳಿಯಿತು. ಆರು ತಿಂಗಳ ನಂತರ ತೆಗೆದ ಎಕ್ಸ್‌ರೇಯಲ್ಲಿ ಕಪ್ಪು ನೆರಳಿದ್ದ ಕಡೆ ಹೊಸ ಮೂಳೆ ತುಂಬಿತ್ತು. ಆದರೆ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿರುವುದು ಹೊಲಿಗೆ ಬಿಚ್ಚಿದ ಆ ಬೆಳಿಗ್ಗೆ.

ಹೇಳಿದ ಹೊತ್ತಿಗೆ ಸರಿಯಾಗಿ ಓಬಳಪ್ಪ ಬಂದರು. ಕೇಳದೆಯೇ ಕುರ್ಚಿಯಲ್ಲಿ ಕೂತರು. "ದೊಡ್ಡ ಡಾಕ್ಟ್ರನ್ನ ಕರೀರಿ," ಎಂದರು. ದನಿಯಲ್ಲಿ ಏನಿದೆಯೆಂದು ತಿಳಿಯಲಿಲ್ಲ. ಜಗಳಕ್ಕೇ ಇರಬೇಕೆಂದುಕೊಂಡೆ. ಅಪ್ಪ ಬಂದು ಗೋಡೆಯ ಪಕ್ಕ ನಿಂತರು.

"ಅಲ್ಲಲ್ಲ, ಹತ್ರ ಬನ್ನಿ. ದೀಪ ನೀವು ಹಿಡ್ಕೊಳ್ಳಿ," ಎಂದರು ಓಬಳಪ್ಪ. ನನ್ನ ಕಡೆ ತಿರುಗಿ, "ನನ್ನ ಕೈಗೊಂದು ಕನ್ನಡಿ ಕೊಡಿ ಡಾಕ್ಟ್ರಮ್ಮ. ಈ ಸಲ ಮೂರು ಜನಾನೂ ನೋಡೋಣ," ಎಂದು ಬಾಯಿ ತೆರೆದರು.

ಅಪ್ಪ ದೀಪ ಹಿಡಿದರು. ಬೆಳಕು ತುಟಿಯಿಂದ ಮೂಗಿಗೆ, ಮೂಗಿನಿಂದ ಗಲ್ಲಕ್ಕೆ ಅಲೆದಾಡಿತು. ಕತ್ತರಿ ಹಿಡಿದು ನಾನು ಕಾದೆ. ಓಬಳಪ್ಪ ಬಾಯಿ ತೆರೆದುಕೊಂಡೇ ಕೈ ಎತ್ತಿ ಅಪ್ಪನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು ನಿಲ್ಲಿಸಿದರು. ಬೆಳಕು ವಸಡಿನ ಮೇಲೆ ನಿಂತಿತು. ನಾನು ಮೊದಲ ದಾರ ಕತ್ತರಿಸಿದೆ.